ಫೋನು ಗಿರಾಕಿಯ ಕೈಯಲ್ಲೇ ಇರಲಿ: ದಾವಣಗೆರೆಯಲ್ಲಿ ಫೋಟೊ ಕಿಯಾಸ್ಕ್ ಕಟ್ಟಿದ ದಾಖಲೆ

ದಾವಣಗೆರೆಯ ನಮ್ಮ ಸ್ಟುಡಿಯೊದ ಬಾಗಿಲ ಪಕ್ಕ ಈಗ ಒಂದು ಕಿಯಾಸ್ಕ್ ನಿಂತಿದೆ. ಗಿರಾಕಿ ತಾನೇ ಫೋಟೊ ಆರಿಸಿ, ತಾನೇ ಅಂಚು ಸರಿಮಾಡಿ, ಯುಪಿಐ ಮೂಲಕ ಹಣ ಕೊಟ್ಟು 4×6 ಪ್ರಿಂಟ್ ಹಿಡಿದುಕೊಂಡು ಹೋಗಬಹುದು. ಇದನ್ನು ಕಟ್ಟುವಾಗ ಏನು ಬಳಸಿದೆ, ಎಷ್ಟು ಖರ್ಚಾಯಿತು, ಯಾವುದನ್ನು ಕಿತ್ತು ಮತ್ತೆ ಮಾಡಬೇಕಾಯಿತು ಎಂಬುದನ್ನು ಕ್ರಮವಾಗಿ ಬರೆದಿಡುತ್ತಿದ್ದೇನೆ. ಸಣ್ಣ ಊರುಗಳ ಸ್ಟುಡಿಯೊದವರಿಗೆ, ಜೆರಾಕ್ಸ್ ಅಂಗಡಿಯವರಿಗೆ ಇದು ಉಪಯೋಗಕ್ಕೆ ಬರಬಹುದು.

ಉದ್ದೇಶವನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಬಹುತೇಕ ನಿರ್ಧಾರಗಳು ಅದರಿಂದಲೇ ಹುಟ್ಟಿದವು. ಇವತ್ತು ಒಂದು ಫೋಟೊ ಪ್ರಿಂಟ್ ಬೇಕಾದರೆ ಜನ ಅಂಗಡಿಯ ವಾಟ್ಸ್‌ಆ್ಯಪ್ ನಂಬರಿಗೆ ಕಳುಹಿಸುತ್ತಾರೆ, ಇಲ್ಲವೇ ಲಾಕ್ ತೆಗೆದ ಫೋನನ್ನೇ ಅಂಗಡಿಯವನ ಕೈಗೆ ಕೊಡುತ್ತಾರೆ. ನಮ್ಮದು ಕಾಲೇಜುಗಳ ಊರು. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿನಿ ಅರ್ಜಿಗೊಂದು ಪಾಸ್‌ಪೋರ್ಟ್ ಫೋಟೊ ಬೇಕೆಂದರೆ ತನ್ನ ಮುಖವನ್ನೂ ಫೋನ್ ನಂಬರನ್ನೂ ಗುರುತಿಲ್ಲದ ಅಂಗಡಿಯಲ್ಲಿ ಬಿಟ್ಟುಹೋಗಬೇಕು. ಅದು ಅಲ್ಲಿಂದ ಯಾವಾಗ ಅಳಿಯುತ್ತದೆ ಎಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಹಾಗಾಗಿ ಎರಡು ನಿಯಮ ಇಟ್ಟುಕೊಂಡೆ. ಫೋನು ಗಿರಾಕಿಯ ಕೈ ಬಿಡಬಾರದು. ಪ್ರಿಂಟ್ ಹೊರಬಂದ ಮೇಲೆ ಫೋಟೊ ನಮ್ಮಲ್ಲಿ ಉಳಿಯಬಾರದು.

ಹಂತ 1: ಪೆಟ್ಟಿಗೆ

ಚಿತ್ರದುರ್ಗದಲ್ಲಿ ಬಾಗಿಲು ಹಾಕಿದ ಒಂದು ಕಲರ್ ಲ್ಯಾಬಿನಿಂದ ಹಳೆಯ ಕಿಯಾಸ್ಕ್ ಸಿಕ್ಕಿತು. 6,500 ರೂಪಾಯಿ, ಅಲ್ಲಿಂದ ಹೆದ್ದಾರಿಯಲ್ಲಿ ಇಲ್ಲಿಗೆ ತರಲು ಗೂಡ್ಸ್ ಗಾಡಿಗೆ 2,200. ಹೊರಗವಚ ಉಕ್ಕಿನದು, ಗಟ್ಟಿಯಾಗಿತ್ತು. ಒಳಗಿನ ಕಂಪ್ಯೂಟರಿನಲ್ಲಿ ವಿಂಡೋಸ್ ಎಕ್ಸ್‌ಪಿ ಇತ್ತು. ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಅದರ ಬೆಂಬಲ ನಿಲ್ಲಿಸಿದೆ. ಪರದೆ ಸತ್ತಿತ್ತು. ಮುಂಭಾಗದಲ್ಲಿ ಕಾಂಪ್ಯಾಕ್ಟ್ ಫ್ಲ್ಯಾಶ್, ಎಕ್ಸ್‌ಡಿ, ಮೆಮೊರಿ ಸ್ಟಿಕ್, ಎಸ್‌ಡಿ ಎಂದು ಸಾಲಾಗಿ ಸೀಳುಗಳು. ಎಸ್‌ಡಿ ಮತ್ತು ಯುಎಸ್‌ಬಿ ಉಳಿಸಿಕೊಂಡು ಮಿಕ್ಕವನ್ನು ಮುಚ್ಚಿದೆ. ಮದುವೆ ಫೋಟೊ ತೆಗೆಯುವವರು ಈಗಲೂ ಎಸ್‌ಡಿ ಕಾರ್ಡ್ ಹಿಡಿದೇ ಬರುತ್ತಾರೆ.

ಹಾರ್ಡ್ ಡಿಸ್ಕ್ ಮಾತ್ರ ಚೆನ್ನಾಗಿಯೇ ಓಡುತ್ತಿತ್ತು. ಬೇರೆ ಕಂಪ್ಯೂಟರಿಗೆ ಜೋಡಿಸಿ ನೋಡಿದರೆ ಆ ಲ್ಯಾಬಿಗೆ ಬಂದಿದ್ದ ಗಿರಾಕಿಗಳ ಫೋಟೊಗಳೆಲ್ಲ ತಾರೀಖುವಾರು ಕಡತಕೋಶಗಳಲ್ಲಿ ಹಾಗೆಯೇ ಕೂತಿದ್ದವು. ನಾಮಕರಣ, ಗೃಹಪ್ರವೇಶ, ಕೋಟೆಯ ಬಾಗಿಲಲ್ಲಿ ನಿಂತ ಕುಟುಂಬಗಳು, ಗುರುತಿನ ಚೀಟಿಯ ಪ್ರತಿಗಳು. ಅಂಗಡಿ ಮುಚ್ಚಿತ್ತು, ಪೆಟ್ಟಿಗೆ ಮಾರಾಟವಾಗಿತ್ತು, ಆ ಮನೆಗಳ ಚಿತ್ರಗಳೂ ಜೊತೆಗೆ ಮಾರಾಟವಾಗಿದ್ದವು. ಅವರಲ್ಲಿ ಒಬ್ಬರಿಗೂ ಅದು ಗೊತ್ತಿಲ್ಲ. ಹೆಚ್ಚು ತೆರೆದು ನೋಡದೆ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಸಿದೆ. ಕಡತಗಳನ್ನು ಅಳಿಸಿದರೆ ಸಾಲದು, ಮರಳಿ ಪಡೆಯುವ ತಂತ್ರಾಂಶದಿಂದ ಅವು ಎದ್ದುಬರುತ್ತವೆ. ಮೇಲೆ ಬೇರೆ ದತ್ತಾಂಶ ಬರೆಯಲೇಬೇಕು. ರಾತ್ರಿಯೆಲ್ಲ ಓಡಿತು. ಹಳೆಯ ಕಿಯಾಸ್ಕ್ ಕೊಳ್ಳುವವರು ಬೇರೆ ಯಾವ ಕೆಲಸಕ್ಕೂ ಮೊದಲು ಇದನ್ನು ಮಾಡಬೇಕು ಎಂಬುದು ನನ್ನ ಕೋರಿಕೆ.

ಹಂತ 2: ಪರದೆ

ಹಳೆಯ ಪರದೆ 17 ಇಂಚಿನ ಚೌಕದಂಥದು. ಚೌಕಟ್ಟಿನ ಕಿಂಡಿ ಸುಮಾರು 338×270 ಮಿ.ಮೀ. ಈಗ ಆ ಆಕಾರದ ಟಚ್ ಪರದೆ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೆ ದುಬಾರಿ. 15.6 ಇಂಚಿನ ಅಗಲ ಪರದೆಯ ಕಾಣುವ ಭಾಗ 344×194 ಮಿ.ಮೀ. ಅಗಲದಲ್ಲಿ 6 ಮಿ.ಮೀ. ಕಡಿಮೆ ಬೀಳುತ್ತಿತ್ತು, ಎತ್ತರದಲ್ಲಿ 76 ಮಿ.ಮೀ. ಮಿಗುತ್ತಿತ್ತು. ಎರಡೂ ಬದಿಯನ್ನು ಮೂರು ಮೂರು ಮಿ.ಮೀ. ಅರದಿಂದ ಉಜ್ಜಿದೆವು, ಕೆಳಗೆ ಉಳಿದ 76 ಮಿ.ಮೀ. ಪಟ್ಟಿಗೆ ಎಸಿಪಿ (ಅಲ್ಯೂಮಿನಿಯಂ ಕಾಂಪೊಸಿಟ್) ಹಾಳೆ ಕತ್ತರಿಸಿ ಕೂರಿಸಿ, ಅದರಲ್ಲೇ ಯುಎಸ್‌ಬಿ ಮತ್ತು ಎಸ್‌ಡಿ ಸಾಕೆಟ್ ಕೊಟ್ಟೆವು. ಕೆಪಾಸಿಟಿವ್ ಟಚ್ ಇರುವ ಪರದೆಗೆ 11,800. ಫ್ಯಾಬ್ರಿಕೇಷನ್, ಎಸಿಪಿ, ಪೌಡರ್ ಕೋಟಿಂಗ್ ಸೇರಿ 4,300.

ಸಾಲಿನಲ್ಲಿ ಹಿಂದೆ ನಿಂತವರಿಗೆ ಮುಂದಿನವರ ಫೋಟೊ ಕಾಣಬಾರದು. ಅದಕ್ಕಾಗಿ ಪ್ರೈವೆಸಿ ಫಿಲ್ಮ್ ಅಂಟಿಸಿದೆ. ಎದುರಿಗೆ ನಿಂತವರಿಗೆ ಸ್ಪಷ್ಟ, ಓರೆಯಿಂದ ನೋಡಿದರೆ ಕಪ್ಪು. ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ, ಪರದೆಯ ಪ್ರಕಾಶ ಹೆಚ್ಚಿಸಿದರೆ ಸಾಕು. ಆದರೆ ಅಂಟಿಸುವುದಕ್ಕೆ ಮೊದಲು ಟಚ್ ಕೆಲಸ ಮಾಡುತ್ತದೆಯೇ ಎಂದು ಸುಮ್ಮನೆ ಮೇಲಿಟ್ಟು ಪರೀಕ್ಷಿಸಿ. ಮೊದಲು ತಂದ ದಪ್ಪ ಹಾಳೆಯ ಮೇಲೆ ಬೆರಳು ಒತ್ತಿದರೂ ಪರದೆಗೆ ತಿಳಿಯುತ್ತಿರಲಿಲ್ಲ.

ಒಳಗೆ ಹಳೆಯ ಕಂಪ್ಯೂಟರಿನ ಬದಲು 4 ಜಿಬಿ ಮೆಮೊರಿಯ ಪುಟ್ಟ ಕಂಪ್ಯೂಟರ್, ರಾಸ್ಪ್‌ಬೆರಿ ಪೈ 4. ಕವಚ, ವಿದ್ಯುತ್ ಅಡಾಪ್ಟರ್, ಕಾರ್ಡ್ ಸೇರಿ 8,200. ಕ್ರೋಮಿಯಂ ಬ್ರೌಸರನ್ನು ಕಿಯಾಸ್ಕ್ ವಿಧಾನದಲ್ಲಿ, ಅಂದರೆ ಪರದೆ ತುಂಬ, ತೆರೆದು, ಪೈಥಾನಿನಲ್ಲಿ ಬರೆದ ಪುಟಗಳನ್ನು ತೋರಿಸುತ್ತದೆ. ಅಕ್ಷರಕ್ಕೆ ನೋಟೊ ಸ್ಯಾನ್ಸ್ ಕನ್ನಡ. ಪ್ರತಿ ಪುಟದಲ್ಲಿ ಒಂದೇ ಪ್ರಶ್ನೆ, ಎರಡೇ ಗುಂಡಿ.

ಹಂತ 3: ಪ್ರಿಂಟರ್ ಮತ್ತು ಕರೆಂಟ್

ಇಂಕ್‌ಜೆಟ್ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ. ನಾಲ್ಕು ದಿನ ಬಳಸದಿದ್ದರೆ ಅದರ ಮೂತಿ ಒಣಗುತ್ತದೆ, ಹಸಿ ಪ್ರಿಂಟ್ ಕೈಗೆ ಅಂಟುತ್ತದೆ. ಡೈ-ಸಬ್ಲಿಮೇಷನ್ ಯಂತ್ರದಲ್ಲಿ ರಿಬ್ಬನ್ನಿನ ಮೇಲಿನ ಬಣ್ಣ ಬಿಸಿಗೆ ಕಾಗದದೊಳಗೆ ಇಳಿಯುತ್ತದೆ: ಹಳದಿ, ಮಜೆಂಟಾ, ಸಯಾನ್, ಕೊನೆಗೆ ಪಾರದರ್ಶಕ ರಕ್ಷಣೆಯ ಪದರ. ಹೊರಗೆ ಬರುವಾಗಲೇ ಪ್ರಿಂಟ್ ಒಣಗಿರುತ್ತದೆ. ಒಬ್ಬರ ಬಳಿ ಇದ್ದ ಹಳೆಯ ಡಿಎನ್‌ಪಿ ಡಿಎಸ್-ಆರ್‌ಎಕ್ಸ್1 ಯಂತ್ರವನ್ನು 42,000ಕ್ಕೆ ಕೊಂಡೆ. ರೋಲನ್ನೂ ರಿಬ್ಬನ್ನನ್ನೂ ಮುಂದಿನಿಂದಲೇ ಬದಲಿಸಬಹುದು, ಪೆಟ್ಟಿಗೆಯೊಳಗೆ ಕೂರಿಸುವವರಿಗೆ ಇದು ಬಹು ಮುಖ್ಯ. ಒಂದು ರೋಲಿನಲ್ಲಿ 700 ಪ್ರಿಂಟ್, ಪೆಟ್ಟಿಗೆಯಲ್ಲಿ ಎರಡು ರೋಲ್. ನಾನು ಕೊಟ್ಟದ್ದು 12,600, ಅಂದರೆ ಪ್ರಿಂಟಿಗೆ 9 ರೂಪಾಯಿ. ಫೋಟೊದಲ್ಲಿ ಬಣ್ಣ ಎಷ್ಟೇ ಕಡಿಮೆ ಇರಲಿ, ರಿಬ್ಬನ್ನಿನ ಒಂದು ಸೆಟ್ ಪೂರ್ತಿ ಹೋಗುತ್ತದೆ. ಹಾಗಾಗಿ ಲೆಕ್ಕ ಹಾಕುವುದು ಸುಲಭ.

ಪೈ ಯಂತ್ರದ ಲಿನಕ್ಸಿನಲ್ಲಿ ಈ ಪ್ರಿಂಟರ್ ಓಡುತ್ತದೆಯೇ ಎಂಬ ಅಳುಕಿತ್ತು. ಮುದ್ರಣ ನಡೆಸುವ ತಂತ್ರಾಂಶ ಕಪ್ಸ್ ಮತ್ತು ಪ್ರಿಂಟರ್ ಡ್ರೈವರುಗಳಿರುವ ಗುಟೆನ್‌ಪ್ರಿಂಟ್ ಹಾಕಿ ಯುಎಸ್‌ಬಿ ಜೋಡಿಸಿದೊಡನೆ ಯಂತ್ರ ಪಟ್ಟಿಯಲ್ಲಿ ಕಾಣಿಸಿತು.

ತೊಂದರೆ ಬಂದದ್ದು ಕರೆಂಟಿನಿಂದ. ಅಂಗಡಿಯಲ್ಲಿದ್ದ 600 ವಿಎ ಯುಪಿಎಸ್‌ಗೆ ಜೋಡಿಸಿದರೆ ಪ್ರಿಂಟ್ ಶುರುವಾಗಿ ಕ್ಷಣದಲ್ಲೇ ಅದು ಕೂಗಿ ಆರಿಹೋಗುತ್ತಿತ್ತು. ಆ ಗಾತ್ರದ ಯುಪಿಎಸ್ ಕೊಡುವುದು 360 ವಾಟಿನ ಆಸುಪಾಸು. ಪ್ರಿಂಟರಿನ ಬಿಸಿ ತಲೆ ಒಮ್ಮೆಲೇ ಎಳೆಯುವ ವಿದ್ಯುತ್ತಿಗೂ ಪರದೆಗೂ ಸೇರಿ ಅದು ಸಾಲದು. ಮಧ್ಯದಲ್ಲಿ ಆರಿದರೆ ಕಾಗದವೂ ರಿಬ್ಬನ್ ಸೆಟ್ಟೂ ಹಾಳು. ಬೇಸಿಗೆಯಲ್ಲಿ ನಮ್ಮಲ್ಲಿ ಕರೆಂಟ್ ಹೋಗಿ ಬರುವುದು ಎಲ್ಲರಿಗೂ ಗೊತ್ತಿರುವುದೇ. 5,200 ಕೊಟ್ಟು 1 ಕೆವಿಎ ಲೈನ್-ಇಂಟರಾಕ್ಟಿವ್ ಯುಪಿಎಸ್ ತಂದ ಮೇಲೆ ಆ ಚಿಂತೆ ಹೋಯಿತು. ಕರೆಂಟ್ ಹೋದರೆ ಕೈಯಲ್ಲಿರುವ ಪ್ರಿಂಟ್ ಮುಗಿಸಿ, ಹೊಸದನ್ನು ತೆಗೆದುಕೊಳ್ಳದಂತೆ ವ್ಯವಸ್ಥೆ ಮಾಡಿದ್ದೇನೆ.

ಹಂತ 4: ಫೋನಿನಿಂದ ಪೆಟ್ಟಿಗೆಗೆ

ಹೆಚ್ಚು ಸಮಯ ತಿಂದದ್ದು ಈ ಹಂತ. ಪ್ರಿಂಟ್ ತೆಗೆಯುವುದು ಸುಲಭ, ಫೋನಿನಲ್ಲಿರುವ ಫೋಟೊ ಪೆಟ್ಟಿಗೆಗೆ ಬರುವುದೇ ಕಷ್ಟ.

ಮೊದಲು ಕೇಬಲ್ ಇಟ್ಟೆ. ಟೈಪ್-ಸಿ, ಮೈಕ್ರೊ, ಲೈಟ್ನಿಂಗ್ ಮೂರೂ. ಫೋನಿನ ಲಾಕ್ ತೆಗೆದು, ‘ಫೈಲ್ ಟ್ರಾನ್ಸ್‌ಫರ್’ ಆರಿಸಿ, ಅನುಮತಿ ಕೊಡಬೇಕು. ಅಲ್ಲಿಗೇ ಅರ್ಧ ಜನ ನನ್ನ ಮುಖ ನೋಡುತ್ತಿದ್ದರು. ಸಾವಿರಾರು ಚಿತ್ರಗಳಿರುವ ಫೋನಾದರೆ ಪಟ್ಟಿ ತೆರೆಯಲು ನಿಮಿಷಗಳೇ ಬೇಕು. ಅದನ್ನೂ ಸಹಿಸಬಹುದಿತ್ತು. ಆದರೆ ಪಟ್ಟಿ ತೆರೆದುಕೊಂಡಾಗ ಫೋನಿನಲ್ಲಿದ್ದ ಎಲ್ಲ ಚಿತ್ರಗಳೂ ಪುಟ್ಟ ಪುಟ್ಟ ಚೌಕಗಳಾಗಿ ಅಂಗಡಿಯ ಪರದೆಯ ಮೇಲೆ ಹರಡಿಕೊಂಡವು: ಆಸ್ಪತ್ರೆಯ ವರದಿ, ಬ್ಯಾಂಕ್ ಪಾಸ್‌ಬುಕ್, ಮಗುವಿಗೆ ಸ್ನಾನ ಮಾಡಿಸುವ ಚಿತ್ರ. ಒಂದು ಫೋಟೊ ಕೊಡಲು ಬಂದವರ ಇಡೀ ಮನೆಯನ್ನೇ ಇಣುಕಿದಂತಾಯಿತು. ಅಂದೇ ಕೇಬಲ್ ಕಿತ್ತುಹಾಕಿದೆ. ಆರಿಸುವ ಕೆಲಸ ಗಿರಾಕಿಯ ಫೋನಿನಲ್ಲೇ ನಡೆಯಬೇಕು, ಆರಿಸಿದ್ದು ಮಾತ್ರ ಪೆಟ್ಟಿಗೆಗೆ ಬರಬೇಕು.

ಹಾಗಾದರೆ ವೈ-ಫೈ. ಪೈ ಯಂತ್ರವೇ ಒಂದು ಹಾಟ್‌ಸ್ಪಾಟ್ ಆಗುತ್ತದೆ. ಪರದೆಯ ಮೇಲಿನ ಕ್ಯುಆರ್ ಕೋಡಿಗೆ ಕ್ಯಾಮೆರಾ ಹಿಡಿದರೆ ಫೋನು ಅದಕ್ಕೆ ಸೇರುತ್ತದೆ, ಒಂದು ಪುಟ ತೆರೆಯುತ್ತದೆ, ಅಲ್ಲಿ ‘ಫೋಟೊ ಆರಿಸಿ’ ಎಂಬ ಗುಂಡಿ. ಹೋಟೆಲು, ವಿಮಾನ ನಿಲ್ದಾಣಗಳ ವೈ-ಫೈಗೆ ಸೇರಿದೊಡನೆ ತಾನಾಗಿ ಲಾಗಿನ್ ಪುಟ ತೆರೆಯುತ್ತದಲ್ಲ, ಅದೇ ವಿಧಾನ ಅನುಸರಿಸಿದೆ. ನನ್ನ ಫೋನಿನಲ್ಲಿ ಪುಟ ಬಂತು, ಗುಂಡಿ ಒತ್ತಿದರೆ ಏನೂ ಆಗಲಿಲ್ಲ. ಲಾಗಿನ್‌ಗೆಂದು ತೆರೆಯುವ ಆ ಪುಟ್ಟ ಕಿಟಕಿ ಪೂರ್ಣ ಬ್ರೌಸರ್ ಅಲ್ಲ. ಅನೇಕ ಫೋನುಗಳಲ್ಲಿ ಅದರಿಂದ ಗ್ಯಾಲರಿ ತೆರೆಯಲು ಬರುವುದೇ ಇಲ್ಲ.

ಲಾಗಿನ್ ಕಿಟಕಿ ಬಾರದಂತೆ ಮಾಡಬೇಕೆಂದರೆ ‘ಇಲ್ಲಿ ಇಂಟರ್ನೆಟ್ ಇದೆ’ ಎಂದು ಫೋನಿಗೆ ಅನಿಸಬೇಕು. ಆಂಡ್ರಾಯ್ಡ್ ಫೋನು ವೈ-ಫೈ ಸೇರಿದ ಕೂಡಲೇ ಗೂಗಲ್‌ನ ಒಂದು ಪರೀಕ್ಷಾ ವಿಳಾಸ ಕೇಳುತ್ತದೆ. 204 ಎಂಬ ಖಾಲಿ ಉತ್ತರ ಬಂದರೆ ಸಂಪರ್ಕ ಸರಿಯಿದೆ ಎಂದುಕೊಳ್ಳುತ್ತದೆ. ಐಫೋನು ಆ್ಯಪಲ್‌ನ ವಿಳಾಸದಿಂದ ‘ಸಕ್ಸೆಸ್’ ಎಂಬ ಪುಟ ನಿರೀಕ್ಷಿಸುತ್ತದೆ. ಆ ಉತ್ತರಗಳನ್ನು ಪೈ ಯಂತ್ರವೇ ಕೊಡುವಂತೆ ಮಾಡಿದೆ. ಹಳೆಯ ಫೋನುಗಳು ಒಪ್ಪಿದವು. ಹೊಸ ಆಂಡ್ರಾಯ್ಡ್ ಫೋನುಗಳು, ಉತ್ತರ ಕೊಡುವವರ ಅಸಲಿತನ ಪರೀಕ್ಷಿಸುವ ಎಚ್‌ಟಿಟಿಪಿಎಸ್ ಮೂಲಕವೂ ಒಮ್ಮೆ ಕೇಳುತ್ತವೆ, ಅಲ್ಲಿ ನಮ್ಮ ಉತ್ತರ ನಡೆಯುವುದಿಲ್ಲ. ಸಂಪರ್ಕ ಸೀಮಿತವಾಗಿದೆ ಎಂದು ಎಚ್ಚರಿಸಿ, ಕೆಲವು ಮೊಬೈಲ್ ಡೇಟಾಗೆ ಮರಳಿಬಿಟ್ಟವು. ಮರಳಿದ ಮೇಲೆ ನಮ್ಮ ಪುಟ ತೆರೆಯುವುದಿಲ್ಲ.

ಕೊನೆಗೆ ಹಿಡಿದ ದಾರಿ ಇದು. ಆ ಪರೀಕ್ಷಾ ವಿಳಾಸಗಳಿಗೆ ಮಾತ್ರ ನಿಜವಾದ ಇಂಟರ್ನೆಟ್ ಬಿಟ್ಟೆ, ಮಿಕ್ಕೆಲ್ಲವನ್ನೂ ಫೈರ್‌ವಾಲಿನಲ್ಲಿ ಮುಚ್ಚಿದೆ. ಡಿಎನ್‌ಎಸ್‌ಮಾಸ್ಕ್ ತಂತ್ರಾಂಶಕ್ಕೆ ಆ ಹೆಸರುಗಳನ್ನು ಕೊಟ್ಟರೆ, ಅವು ಯಾವ ಸಂಖ್ಯೆಯ ವಿಳಾಸವಾಗಿ ಬಿಚ್ಚಿಕೊಳ್ಳುತ್ತವೋ ಅದನ್ನಷ್ಟೇ ಫೈರ್‌ವಾಲಿನ ಪಟ್ಟಿಗೆ ಸೇರಿಸುತ್ತದೆ. ಫೋನು ತೃಪ್ತ, ಲಾಗಿನ್ ಕಿಟಕಿಯೂ ಇಲ್ಲ, ಎಚ್ಚರಿಕೆಯೂ ಇಲ್ಲ. ಪುಟ ತೆರೆಯಲು ಎರಡನೆಯ ಕ್ಯುಆರ್ ಕೋಡ್ ಬೇಕಾಯಿತು. ಎರಡನ್ನೂ ಅಕ್ಕಪಕ್ಕ ತೋರಿಸಿದರೆ ಜನ ತಪ್ಪಾದದ್ದಕ್ಕೆ ಮೊದಲು ಹಿಡಿಯುತ್ತಾರೆ. ಅದಕ್ಕೆ ಫೋನು ವೈ-ಫೈ ಸೇರಿದ ಸೂಚನೆ ಸಿಕ್ಕ ಮೇಲೆಯೇ ಪರದೆ ತಾನಾಗಿ ಎರಡನೆಯ ಕೋಡಿಗೆ ಬದಲಾಗುತ್ತದೆ.

ಅಂಗಡಿಯ ಬ್ರಾಡ್‌ಬ್ಯಾಂಡನ್ನೇ ಪೂರ್ತಿ ತೆರೆದುಬಿಟ್ಟರೆ ಇಷ್ಟೆಲ್ಲ ಬೇಕಿರಲಿಲ್ಲವಲ್ಲ ಎಂದು ಮಿತ್ರರು ಕೇಳಿದರು. ಫೋಟೊ ಬರುವ ಪೆಟ್ಟಿಗೆಯಿಂದ ಹೊರಗೆ ಹೋಗುವ ದಾರಿ ಎಷ್ಟು ಕಿರಿದಾಗಿದ್ದರೆ ಅಷ್ಟು ಒಳ್ಳೆಯದು ಎಂಬುದು ನನ್ನ ನಿಲುವು. ಒಂದೇ ಹಾಟ್‌ಸ್ಪಾಟಿನಲ್ಲಿರುವ ಇಬ್ಬರ ಫೋನುಗಳು ಪರಸ್ಪರ ಕಾಣದಂತೆಯೂ ಬೇರ್ಪಡಿಸಿದ್ದೇನೆ.

ಹಂತ 5: ಹಣ

ಮೊದಲು ಅಂಗಡಿಯ ಮಾಮೂಲಿ ಕ್ಯುಆರ್ ಹಲಗೆಯನ್ನೇ ಪಕ್ಕದಲ್ಲಿಟ್ಟಿದ್ದೆ. ಸೌಂಡ್ ಬಾಕ್ಸ್ ‘ಇಪ್ಪತ್ತು ರೂಪಾಯಿ ಬಂದಿದೆ’ ಎಂದರೆ ನಾನು ಒಳಗಿನಿಂದ ಗುಂಡಿ ಒತ್ತಬೇಕು. ಹಾಗೆ ಮಾಡಿದರೆ ಸ್ವಯಂಸೇವೆ ಎಂಬುದಕ್ಕೆ ಅರ್ಥವಿಲ್ಲ. ಪೇಮೆಂಟ್ ಗೇಟ್‌ವೇ ಒಂದರಲ್ಲಿ ಖಾತೆ ತೆರೆದು, ಪ್ರತಿ ಆರ್ಡರಿಗೂ ಮೊತ್ತ ತುಂಬಿದ ಹೊಸ ಕ್ಯುಆರ್ ಬರುವಂತೆ ಮಾಡಿದೆ. ಹಣ ಬಂದದ್ದನ್ನು ಗೇಟ್‌ವೇ ನೇರವಾಗಿ ಕಿಯಾಸ್ಕಿಗೆ ತಿಳಿಸುತ್ತದೆ, ಆಗ ಪ್ರಿಂಟ್ ಶುರು. ಈ ಮಾತುಕತೆ ಪ್ರತ್ಯೇಕ ಲ್ಯಾನ್ ತಂತಿಯಲ್ಲಿ ನಡೆಯುತ್ತದೆ.

ನನ್ನ ಮೇಜಿನ ಮೇಲೆ ಎಲ್ಲವೂ ಸರಿಯಿತ್ತು. ಬಾಗಿಲ ಬಳಿ ಇಟ್ಟ ದಿನ ಒಬ್ಬರಿಗೂ ಹಣ ಕಳುಹಿಸಲಾಗಲಿಲ್ಲ. ಎಲ್ಲರ ಯುಪಿಐ ಆ್ಯಪ್ ಸುತ್ತುತ್ತಲೇ ಇತ್ತು. ಕಾರಣ ಹಿಂದಿನ ಹಂತದಲ್ಲೇ ಇತ್ತು: ‘ಇಂಟರ್ನೆಟ್ ಇದೆ’ ಎಂದು ಫೋನು ನಂಬಿದ್ದರಿಂದ ಅದು ನಮ್ಮ ವೈ-ಫೈಯನ್ನು ಬಿಡುತ್ತಿರಲಿಲ್ಲ, ಆ ವೈ-ಫೈಯಲ್ಲಿ ಬ್ಯಾಂಕಿಗೆ ಹೋಗುವ ದಾರಿಯೇ ಇಲ್ಲ. ಮೇಜಿನ ಬಳಿ ಪರೀಕ್ಷಿಸುವಾಗ ಫೋಟೊ ಕಳುಹಿಸಿದ್ದು ಒಂದು ಫೋನು, ಹಣ ಕಟ್ಟಿದ್ದು ಇನ್ನೊಂದು ಫೋನು, ಹಾಗಾಗಿ ಅಲ್ಲಿ ಇದು ಕಾಣಿಸಿರಲಿಲ್ಲ.

ಫೋಟೊ ಬಂದು ಸೇರಿದ ಕೂಡಲೇ ಆ ಫೋನನ್ನು ಹಾಟ್‌ಸ್ಪಾಟಿನಿಂದ ಹೊರಹಾಕುವಂತೆ ಬರೆದೆ. ಹೊರಹಾಕಿದೊಡನೆ ಅದು ತಾನಾಗಿ ಮತ್ತೆ ಬಂದು ಸೇರುತ್ತಿತ್ತು. ಆಮೇಲೆ ಪ್ರತಿ ಗಿರಾಕಿಗೂ ವೈ-ಫೈ ಪಾಸ್‌ವರ್ಡ್ ಬದಲಿಸಲು ಶುರು ಮಾಡಿದೆ. ಫೋಟೊ ಬಂತು, ಪಾಸ್‌ವರ್ಡ್ ಬದಲಾಯಿತು, ಹಳೆಯ ಫೋನು ಮತ್ತೆ ಸೇರಲಾರದು, ಮೊಬೈಲ್ ಡೇಟಾಗೆ ಮರಳುತ್ತದೆ, ಯುಪಿಐ ನಡೆಯುತ್ತದೆ. ಮುಂದಿನವರಿಗೆ ಹೊಸ ಕೋಡ್. ಪಕ್ಕದಲ್ಲಿ ನಿಂತವರು ಹಿಂದಿನ ಕೋಡಿನ ಚಿತ್ರ ತೆಗೆದಿಟ್ಟುಕೊಂಡರೂ ಉಪಯೋಗವಿಲ್ಲ. ಹಣದ ತೊಡಕು ಬಿಡಿಸಲು ಮಾಡಿದ್ದು ಖಾಸಗಿತನವನ್ನೂ ಗಟ್ಟಿ ಮಾಡಿತು. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟ ಪರಿಹಾರ ಇದು.

ದರ: 4×6ಕ್ಕೆ 20 ರೂಪಾಯಿ, ಪಾಸ್‌ಪೋರ್ಟ್ ಹಾಳೆಗೆ 40.

ಹಂತ 6: ಅಂಚು, ಬಣ್ಣ, ಮಸುಕು

4×6 ಕಾಗದದ ಪ್ರಮಾಣ 2:3. ಫೋನಿನ ಕ್ಯಾಮೆರಾ ಸಾಮಾನ್ಯವಾಗಿ 3:4. ಅಡ್ಡಲಾಗಿ ತೆಗೆದ ಫೋಟೊ ಕಾಗದ ತುಂಬಬೇಕಾದರೆ ಮೇಲೂ ಕೆಳಗೂ ಸೇರಿ ಒಂಬತ್ತರಲ್ಲಿ ಒಂದು ಪಾಲು ಹೋಗುತ್ತದೆ. ಕುಟುಂಬದ ಗುಂಪಿನಲ್ಲಿ ಹಿಂದಿನ ಸಾಲಿನವರ ತಲೆ ಇರುವುದೇ ಅಲ್ಲಿ. ಉದ್ದವಾಗಿ ತೆಗೆದರೆ ಎಡ ಬಲದಲ್ಲಿ ನಿಂತವರ ಭುಜ ಹೋಗುತ್ತದೆ. ಮೊದಲು ಯಂತ್ರವೇ ನಡುಭಾಗ ಆರಿಸುವಂತೆ ಬಿಟ್ಟಿದ್ದೆ, ಸರಿಬರಲಿಲ್ಲ. ಈಗ ಕತ್ತರಿಸುವ ಚೌಕವನ್ನು ಗಿರಾಕಿ ಬೆರಳಿನಿಂದ ಸರಿಸಬಹುದು. ಯಾರನ್ನೂ ಬಿಡಲು ಮನಸ್ಸಿಲ್ಲದವರಿಗೆ ‘ಬಿಳಿ ಅಂಚಿನೊಂದಿಗೆ ಪೂರ್ತಿ’ ಎಂಬ ಇನ್ನೊಂದು ಗುಂಡಿ. ನಮ್ಮ ಕಡೆಯವರು ಹೆಚ್ಚಾಗಿ ಒತ್ತುವುದು ಅದನ್ನೇ.

ಕೆಲವು ಫೋಟೊಗಳು ಅಡ್ಡ ಮಲಗಿ ಬರುತ್ತಿದ್ದವು. ಕಡತದೊಳಗಿನ ದಿಕ್ಕಿನ ಗುರುತನ್ನು ಓದಿ ತಿರುಗಿಸಲು ಪೈಥಾನಿನ ಪಿಲ್ಲೊ ಎಂಬ ಚಿತ್ರ ಸಂಸ್ಕರಣೆಯ ತಂತ್ರಾಂಶ ಗ್ರಂಥಾಲಯದಲ್ಲಿ ಸಿದ್ಧ ಸೌಲಭ್ಯವಿದೆ. ಐಫೋನಿನ ಫೋಟೊ ಮಂಕಾಗಿ ಬರುತ್ತಿದ್ದುದಕ್ಕೆ ಕಾರಣ ಬಣ್ಣದ ಪ್ರೊಫೈಲ್. ಅವು ಡಿಸ್‌ಪ್ಲೇ ಪಿ3 ಎಂಬ ಹೆಚ್ಚು ಬಣ್ಣಗಳ ವ್ಯಾಪ್ತಿಯಲ್ಲಿರುತ್ತವೆ. ಸಾಮಾನ್ಯ ವ್ಯಾಪ್ತಿಯಾದ ಎಸ್‌ಆರ್‌ಜಿಬಿಗೆ ಬದಲಿಸಿ ಕಳುಹಿಸಿದ ಮೇಲೆ ಸೀರೆಯ ಕೆಂಪು ಕೆಂಪಾಗಿಯೇ ಬಂತು. ಐಫೋನಿನ ಹೈಕ್ (HEIC) ಬಗೆಯ ಕಡತಗಳನ್ನು ತೆರೆಯಲು ಪಿಲ್ಲೊ-ಹೈಫ್ ಸೇರಿಸಿದ್ದೇನೆ.

ಪಾಸ್‌ಪೋರ್ಟ್ ಹಾಳೆ ಸರಳ ಲೆಕ್ಕ. 3.5×4.5 ಸೆಂ.ಮೀ., ಅಂದರೆ 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) 413×531 ಪಿಕ್ಸೆಲ್. ನಾಲ್ಕರಂತೆ ಎರಡು ಸಾಲು, ಒಟ್ಟು ಎಂಟು.

ಮಸುಕಿನ ವಿಷಯ ಅಷ್ಟು ಸುಲಭವಲ್ಲ. ಜಗಳೂರು ಕಡೆಯ ಹಿರಿಯರೊಬ್ಬರು ಮೊಮ್ಮಗನೊಂದಿಗೆ ಬಂದರು. ತೀರಿಕೊಂಡ ಹೆಂಡತಿಯ ಬೇರೆ ಫೋಟೊ ಇಲ್ಲ, ಯಾರದೋ ಮದುವೆಯ ಗುಂಪಿನಲ್ಲಿ ಮೂರನೆಯವರಾಗಿ ನಿಂತದ್ದೊಂದೇ. ವರ್ಷದ ತಿಥಿಗೆ ಚೌಕಟ್ಟು ಹಾಕಿಸಬೇಕು. ಮೊಮ್ಮಗ ಬೆರಳಿನಿಂದ ಹಿಗ್ಗಿಸಿ ಅಜ್ಜಿಯ ಮುಖವನ್ನು ಚೌಕಕ್ಕೆ ತಂದ. ಹಲವರ ಕೈ ದಾಟಿ ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ. ಮಾಮೂಲಿಯಾಗಿ ಕಳುಹಿಸಿದರೆ ಅದರ ಉದ್ದನೆಯ ಬದಿಯೇ ಸುಮಾರು 1,600 ಪಿಕ್ಸೆಲ್ಲಿಗೆ ಇಳಿದಿರುತ್ತದೆ. ಇಡೀ ಗುಂಪನ್ನು 4×6ರಲ್ಲಿ ತೆಗೆದರೆ ಚೆನ್ನಾಗಿಯೇ ಬರುತ್ತದೆ. ಒಂದು ಮುಖವನ್ನೇ ಹಿಗ್ಗಿಸಿದರೆ ಅಲ್ಲಿ ಉಳಿಯುವುದು ಇನ್ನೂರು ಪಿಕ್ಸೆಲ್ಲು. ಕಿಯಾಸ್ಕ್ ಏನೂ ಹೇಳದೆ ಮುದ್ರಿಸಿತು. ಹೊರಬಂದ ಹಾಳೆಯಲ್ಲಿ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಚುಕ್ಕೆ. ಹಿರಿಯರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹಣ ಮರಳಿಸಿ, ಮದುವೆ ಮನೆಯವರಿಂದ ಅಸಲು ಫೋಟೊವನ್ನು ‘ಡಾಕ್ಯುಮೆಂಟ್’ ಆಗಿ ತರಿಸಿಕೊಳ್ಳಲು ಮೊಮ್ಮಗನಿಗೆ ತೋರಿಸಿಕೊಟ್ಟೆ. ಹಾಗೆ ಕಳುಹಿಸಿದರೆ ಗಾತ್ರ ಕುಗ್ಗುವುದಿಲ್ಲ. ಬಂದ ಕಡತದಲ್ಲಿ ಮೂಗುತಿಯ ಹರಳು ಕೂಡ ಕಾಣುತ್ತಿತ್ತು.

ಅಂದಿನಿಂದ 150 ಡಿಪಿಐಗಿಂತ ಕೆಳಗಿಳಿದರೆ ಹಣ ಕೇಳುವುದಕ್ಕೆ ಮೊದಲೇ ಪರದೆ ತಿಳಿಸುತ್ತದೆ: ‘ಇಷ್ಟು ಹಿಗ್ಗಿಸಿದರೆ ಮಸುಕಾಗುತ್ತದೆ. ಅಸಲು ಫೋಟೊ ಇದೆಯೇ?’ ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳುವ ವಿಧಾನವೂ ಚಿತ್ರಸಹಿತ ಅಲ್ಲೇ ಇದೆ.

ಹಂತ 7: ಮಸಿ, ಧೂಳು, ಬೆಣ್ಣೆ

ಗಾಳಿ ತಿರುಗಿದಾಗ ಮಂಡಕ್ಕಿ ಭಟ್ಟಿಗಳ ಮಸಿಯೂ ಹೊಟ್ಟಿನ ಪುಡಿಯೂ ನಮ್ಮ ಬೀದಿಗೆ ಬರುತ್ತದೆ. ರಿಬ್ಬನ್ ಉಜ್ಜಿ ಉಜ್ಜಿ ಹುಟ್ಟುವ ಸ್ಥಾಯೀ ವಿದ್ಯುತ್ತು ಧೂಳನ್ನು ಎಳೆದುಕೊಳ್ಳುತ್ತದೆ. ಪ್ರಿಂಟಿನಲ್ಲಿ ದೋಷ ಓದುವುದು ಹೀಗೆ: ಕಾಗದ ಸಾಗುವ ದಿಕ್ಕಿನಲ್ಲಿ ಉದ್ದಕ್ಕೂ ಗೆರೆ ಬಿದ್ದರೆ ಬಿಸಿ ತಲೆಯ ಮೇಲೆ ಕಸವಿದೆ, ಸಮ ಅಂತರದಲ್ಲಿ ಚುಕ್ಕೆ ಮರುಕಳಿಸಿದರೆ ರೋಲರಿನ ಮೇಲಿದೆ, ಎಲ್ಲೋ ಒಂದು ಬಿಳಿ ಚುಕ್ಕೆ ಬಿದ್ದರೆ ಕಾಗದದ ಮೇಲೆ ಕೂತ ಧೂಳು. ಹಳೆಯ ಮಾಲೀಕರು ಬಿಟ್ಟಿದ್ದ ಕಸ ರೋಲರಿನಲ್ಲಿತ್ತು. ಯಂತ್ರ ಆಫ್ ಮಾಡಿ, ತಲೆ ತಣ್ಣಗಾದ ಮೇಲೆ, ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದರೆ ಹೋಗುತ್ತದೆ.

ಬಿಸಿ ಗಾಳಿ ಹೊರಹೋಗಲೆಂದು ಮೊದಲು ಫ್ಯಾನನ್ನು ಗಾಳಿ ಹೊರಗೆಳೆಯುವಂತೆ ಹಾಕಿದ್ದೆ. ಪೆಟ್ಟಿಗೆ ಪ್ರತಿ ಸಂದಿನಿಂದಲೂ ಮಸಿ ಎಳೆದುಕೊಂಡಿತು. ತಿರುಗಿಸಿ ಹಾಕಿದೆ: 120 ಮಿ.ಮೀ. ಅಳತೆಯ ಎರಡು ಫ್ಯಾನು ಕೆಳಗಿನಿಂದ ಫಿಲ್ಟರ್ ಮೂಲಕ ಗಾಳಿ ಒಳಗೆ ನೂಕುತ್ತವೆ, ಮೇಲಿನ ಕಿರಿದಾದ ಕಿಂಡಿಯಿಂದ ಅದು ಹೊರಹೋಗುತ್ತದೆ. ಒಳಗಿನ ಒತ್ತಡ ಹೊರಗಿಗಿಂತ ಹೆಚ್ಚಿದ್ದರೆ ಸಂದುಗಳಿಂದ ಗಾಳಿ ಹೊರಗೇ ಹೋಗುತ್ತದೆ, ಧೂಳು ನುಗ್ಗುವುದಿಲ್ಲ. 1,350 ರೂಪಾಯಿಯ ಕೆಲಸ, ಫಲ ದೊಡ್ಡದು. ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯಬೇಕು.

ಪರದೆಗೆ ಇನ್ನೊಂದು ಸಮಸ್ಯೆ. ಬೆಣ್ಣೆ ದೋಸೆ ತಿಂದು ನೇರವಾಗಿ ಬಂದ ಬೆರಳು. ಜಿಡ್ಡು ಹತ್ತಿದ ಪರದೆಯಲ್ಲಿ ಫೋಟೊ ಮಂಜಿನಲ್ಲಿ ಕಂಡಂತೆ ಕಾಣುತ್ತದೆ. ಟಿಶ್ಯೂ ಡಬ್ಬವೊಂದನ್ನು ಪಕ್ಕದಲ್ಲೇ ತಿರುಪು ಹಾಕಿ ಕೂರಿಸಿದ್ದೇನೆ. ಪ್ರಿಂಟಿಗೆ ಮೇಲ್ಪದರ ಇರುವುದರಿಂದ ಅದಕ್ಕೆ ಜಿಡ್ಡು ತಾಗಿದರೂ ಒರೆಸಬಹುದು.

ಹಂತ 8: ಅಳಿಸುವುದು

ಬಂದ ಫೋಟೊಗಳು ಮೆಮೊರಿ ಕಾರ್ಡಿಗೆ ಹೋಗದೆ ರ್‍ಯಾಮ್‌ನಲ್ಲೇ ಇರುವಂತೆ ಮಾಡಿದ್ದೇನೆ. ಪ್ರಿಂಟ್ ಮುಗಿದೊಡನೆ ಅಥವಾ ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಅಳಿಯುತ್ತವೆ. ಕರೆಂಟ್ ತೆಗೆದರೆ ಹೇಗೂ ಹೋಗುತ್ತವೆ. ಇಷ್ಟಕ್ಕೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಒಮ್ಮೆ ಕಾರ್ಡಿನಲ್ಲಿ ಜಾಗ ಕಡಿಮೆಯಾದದ್ದೇಕೆ ಎಂದು ಹುಡುಕುವಾಗ, ಹಿಂದಿನ ದಿನದ ಪ್ರಿಂಟುಗಳೆಲ್ಲ ಕಪ್ಸ್‌ನ ಸ್ಪೂಲ್ ಕೋಶದಲ್ಲಿ, ಅಂದರೆ ಮುದ್ರಣಕ್ಕೆ ಹೋಗುವ ಕಡತಗಳು ತಾತ್ಕಾಲಿಕವಾಗಿ ಕೂರುವ ಜಾಗದಲ್ಲಿ, ಸಿಕ್ಕವು. ಮುಗಿದ ಕೆಲಸದ ಕಡತಗಳನ್ನು ಕಪ್ಸ್ ತಾನಾಗಿ 86,400 ಸೆಕೆಂಡ್, ಅಂದರೆ ಒಂದು ದಿನ ಇಟ್ಟುಕೊಳ್ಳುತ್ತದೆ. ಅದರ ಹೊಂದಿಕೆಯಲ್ಲಿ ‘ಪ್ರಿಸರ್ವ್‌ಜಾಬ್‌ಫೈಲ್ಸ್’ ಎಂಬುದನ್ನು ‘ನೋ’ ಮಾಡಬೇಕು. ಸ್ಪೂಲ್ ಕೋಶವನ್ನೂ ರ್‍ಯಾಮಿಗೆ ಸರಿಸಿದೆ. ಕೆಲಸ ಮುಗಿದ ಮೇಲೆ ದತ್ತಾಂಶ ಅಳಿಸಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಚಿತ್ರದುರ್ಗದ ಆ ಡಿಸ್ಕ್ ನೋಡಿದವನು ಇದನ್ನು ಮಾಡಲೇಬೇಕಿತ್ತು.

ಇನ್ನೊಂದು ಜಾಗ ಉಳಿದಿತ್ತು: ರಿಬ್ಬನ್. ಮೊದಲ ರೋಲ್ ಮುಗಿದು ಬಳಸಿದ ರಿಬ್ಬನ್ ತೆಗೆದಾಗ ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಹಳದಿ ಪಟ್ಟಿಯಲ್ಲಿ ಒಂದು ಮದುಮಗಳ ಮುಖ, ಮುಂದಿನ ಮಜೆಂಟಾ ಪಟ್ಟಿಯಲ್ಲಿ ಅದೇ ಮುಖ, ನೀಲಿ ಪಟ್ಟಿಯಲ್ಲಿ ಮತ್ತೆ ಅದೇ. ಬಣ್ಣ ಎಲ್ಲೆಲ್ಲಿ ಕಾಗದಕ್ಕೆ ಇಳಿದಿತ್ತೋ ಅಲ್ಲೆಲ್ಲ ತೆಳುವಾಗಿ, ಹಳೆಯ ನೆಗೆಟಿವಿನಂತೆ, ಬಳೆಯ ಅಂಚು ಸಮೇತ ಸ್ಪಷ್ಟ. ಮುಂದಕ್ಕೆ ಬಿಚ್ಚಿದರೆ 700 ಗಿರಾಕಿ ಚಿತ್ರಗಳೂ ಸಾಲಾಗಿ. ಇದನ್ನು ಹಾಗೆಯೇ ಕಸದ ಗಾಡಿಗೆ ಹಾಕಿದರೆ ಮೇಲಿನ ಎಲ್ಲ ಎಚ್ಚರಿಕೆಯೂ ವ್ಯರ್ಥ. ಪ್ಲಾಸ್ಟಿಕ್ ಹಾಳೆಯಾದ್ದರಿಂದ ಸುಡಬಾರದು. ಸುರುಳಿಯನ್ನು ಬಿಚ್ಚದೆ ಹಲಗೆಯ ಮೇಲಿಟ್ಟು ಅಡ್ಡಲಾಗಿ ಹ್ಯಾಕ್ಸಾದಿಂದ ನಾಲ್ಕು ಕಡೆ ಕತ್ತರಿಸುತ್ತೇನೆ, ಆಮೇಲೆ ಉದ್ದಕ್ಕೆ ಬ್ಲೇಡಿನಿಂದ ಸೀಳುತ್ತೇನೆ. ಚೂರು ಚೂರಾಗಿ ಉದುರುತ್ತದೆ. ಡೈ-ಸಬ್ ಯಂತ್ರವಿರುವ ಪ್ರತಿ ಸ್ಟುಡಿಯೊದವರೂ ತಮ್ಮ ಹಳೆಯ ರಿಬ್ಬನ್ ಎಲ್ಲಿಗೆ ಹೋಗುತ್ತಿದೆ ಎಂದು ಒಮ್ಮೆ ನೋಡಿಕೊಳ್ಳಲಿ.

ಖರ್ಚಿನ ಪಟ್ಟಿ

ಪೆಟ್ಟಿಗೆ 6,500, ಸಾಗಣೆ 2,200, ಪರದೆ 11,800, ಪೈ ಮತ್ತು ಬಿಡಿಭಾಗ 8,200, ಪ್ರಿಂಟರ್ 42,000, ಯುಪಿಎಸ್ 5,200, ಫ್ಯಾಬ್ರಿಕೇಷನ್ 4,300, ಫ್ಯಾನು, ಫಿಲ್ಟರ್ 1,350, ತಂತಿ, ಸಾಕೆಟ್, ಫಿಲ್ಮ್, ಸ್ಟಿಕ್ಕರ್ 2,100. ಒಟ್ಟು 83,650. ಕಾಗದ ಬೇರೆ. ತಂತ್ರಾಂಶಕ್ಕೆ ಹಣ ಕೊಟ್ಟಿಲ್ಲ. ಎಲ್ಲವೂ ಮುಕ್ತ ತಂತ್ರಾಂಶ, ಜೊತೆಗೆ ನಾನು ಬರೆದದ್ದು.

ಬಾಕಿ ಇರುವ ಕೆಲಸ

ಹಣ ಬಂದ ಮೇಲೆ ಕಾಗದ ಸಿಕ್ಕಿಕೊಂಡರೆ ಮರುಪಾವತಿಯನ್ನು ನಾನೇ ಕೈಯಿಂದ ಮಾಡಬೇಕಾಗಿದೆ. ಪ್ರಿಂಟರಿನ ದೋಷಸೂಚನೆ ಬಂದೊಡನೆ ಗೇಟ್‌ವೇಗೆ ಮರುಪಾವತಿ ಆದೇಶ ಹೋಗುವ ಭಾಗ ಬರೆಯುತ್ತಿದ್ದೇನೆ; ರೋಲ್ ಮುಗಿದದ್ದಕ್ಕೂ ಸಿಕ್ಕಿಕೊಂಡದ್ದಕ್ಕೂ ಬೇರೆ ಬೇರೆ ನಡವಳಿಕೆ ಬೇಕು, ಅಲ್ಲಿ ನಿಂತಿದ್ದೇನೆ. ಪರದೆಯ ನಡುಭಾಗ ನೆಲದಿಂದ 1,250 ಮಿ.ಮೀ. ಎತ್ತರದಲ್ಲಿದೆ, ಗಾಲಿಕುರ್ಚಿಯಲ್ಲಿ ಬರುವವರಿಗೆ ಮೇಲಿನ ಗುಂಡಿ ಎಟಕುವುದಿಲ್ಲ. ಪೆಟ್ಟಿಗೆ ಕತ್ತರಿಸುವ ಬದಲು ಗುಂಡಿಗಳೆಲ್ಲ ಪರದೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಇಳಿಯುವಂತೆ ಪುಟಗಳನ್ನು ಮತ್ತೆ ಜೋಡಿಸುತ್ತಿದ್ದೇನೆ.